ಉಪಗ್ರಹವನ್ನು ಕಬ್ಬಿನ ಕಾಟಾದ ಮೇಲೆ ತೂಗುವ ಕುರಿತು

ವಿಶ್ವವಿದ್ಯಾಲಯ–ಉದ್ಯಮ ಜಂಟಿ ಸಂಶೋಧನಾ ಸಮನ್ವಯ ವಿಭಾಗ, ಜಮಖಂಡಿ

ಸಂಖ್ಯೆ: ಜಂಸಂಸ/ಸಣ್ಣ ಉಪ/ಕಾಟಾ/೦೦/೨೦೧೩–೧೪
ದಿನಾಂಕ: ೨೪.೦೩.೨೦೧೪

ಸುತ್ತೋಲೆ

ವಿಷಯ: ಸಣ್ಣ ಉಪಗ್ರಹವು ತೂಕದಲ್ಲಿ ಕಂಡುಬಾರದಿರುವ ಬಗ್ಗೆ.

ಉಲ್ಲೇಖ: ೧) ಒಪ್ಪಂದ ಪತ್ರದ ಕಲಂ ೪. ೨) ಕಾಟಾ ಚೀಟಿ, ದಿ. ೦೬.೦೧.೨೦೧೪. ೩) ಯೋಜನಾ ಮುಖ್ಯಸ್ಥೆಯವರ ಹನ್ನೊಂದು ನೆನಪೋಲೆಗಳು (ಓದಿರುವುದಿಲ್ಲ).

ಬೀಳಗಿ ಭಾಗದಲ್ಲಿ ಹಿನ್ನೀರು ಯಾವ ಹೊಲಕ್ಕೆ ಯಾವಾಗ ಏರುತ್ತದೆಂದು ಮೇಲಿನಿಂದ ಚಿತ್ರ ತೆಗೆಯುವ ಉಪಗ್ರಹವೊಂದನ್ನು ಯೋಜನಾ ಮುಖ್ಯಸ್ಥೆ, ವಿಶ್ವವಿದ್ಯಾಲಯದ ಡಾ. ರಸಿಕಾ ಹಾಗೂ ನಾಲ್ವರು ವಿದ್ಯಾರ್ಥಿನಿಯರು ಮೂರು ವರ್ಷ ದುಡಿದು ಸಿದ್ಧಪಡಿಸಿರುತ್ತಾರೆ. ಉದ್ಯಮದ ಪರವಾಗಿ ಮುಧೋಳ ಕಡೆಯ ಸಕ್ಕರೆ ಕಾರ್ಖಾನೆಯೊಂದು (ಹೆಸರು ಹಾಕಬೇಡಿರೆಂದು ಕೋರಿದೆ) ಒಂದು ಕೋಣೆ ಹಾಗೂ ಒಂದು ಫ್ಯಾನು ಒದಗಿಸಿರುತ್ತದೆ. ಆವರಣದಲ್ಲಿ ತಯಾರಾದ ಯಾವುದೇ ವಸ್ತುವನ್ನು ಕಾಟಾದ ಮೇಲೆ ತೂಗಿ, ಚೀಟಿ ಹಚ್ಚಿದ ನಂತರವೇ ಸ್ವೀಕರಿಸತಕ್ಕದ್ದೆಂದು ಕಲಂ ೪ ಹೇಳುತ್ತದೆ.

ಅದರಂತೆ ಉಪಗ್ರಹವನ್ನು ಕಬ್ಬಿನ ಟ್ರ್ಯಾಕ್ಟರುಗಳನ್ನು ತೂಗುವ ಕಾಟಾದ ಮೇಲೆ ಇಡಲಾಯಿತು. ಸದರಿ ಕಾಟಾ ಹತ್ತು ಕಿಲೋದೊಳಗಿನದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಪಗ್ರಹ ಒಂದು ಕಿಲೋ ಇನ್ನೂರು ಗ್ರಾಂ ಎನ್ನಲಾಗಿದೆ. ಚೀಟಿಯಲ್ಲಿ ಸೊನ್ನೆ ಬಂದಿದೆ. ಆದಕಾರಣ ಉಪಗ್ರಹವೇ ತಯಾರಾಗಿಲ್ಲವೆಂದು ವಿಭಾಗವು ತೀರ್ಮಾನಿಸಿರುತ್ತದೆ. ಕಾಟಾ ನೋಡಿಕೊಳ್ಳುವ ಶ್ರೀ ಲಗಮಪ್ಪ ಇವರ ಹೇಳಿಕೆ: "ಕೈಯಾಗ ಹಿಡದ ನೋಡೇನ್ರಿ, ಐತಿ. ಕಾಟಾದಾಗ ನೋಡೇನ್ರಿ, ಇಲ್ಲ. ನಾ ಪಗಾರ ತಗೋಳೂದು ಕಾಟಾದ್ದರಿ."

ಈ ಹಿನ್ನೆಲೆಯಲ್ಲಿ ಎಲ್ಲ ಸಂಶೋಧಕರಿಗೆ ತಿಳಿಯಪಡಿಸುವುದೇನೆಂದರೆ:

೧. ಇನ್ನು ಮುಂದೆ ಸಣ್ಣ ಉಪಗ್ರಹವೆಂದರೆ ಹತ್ತು ಕಿಲೋಕ್ಕೆ ಕಡಿಮೆಯಿಲ್ಲದ ಉಪಗ್ರಹವೆಂದು ತಿಳಿಯತಕ್ಕದ್ದು. ಅದಕ್ಕೂ ಸಣ್ಣದಿದ್ದಲ್ಲಿ ಹತ್ತನ್ನು ಕೂಡಿಸಿ ಹೊರೆ ಕಟ್ಟಿ ತರತಕ್ಕದ್ದು.

೨. ಕಬ್ಬಿಗೆ ಇರುವಂತೆ ಉಪಗ್ರಹಕ್ಕೂ ರವದಿ (ಒಣಗಿದ ಗರಿ) ಮತ್ತು ಮಣ್ಣಿನ ಬಾಬತ್ತು ನೂರಕ್ಕೆ ಮೂರರಷ್ಟು ತೂಕ ಕಡಿತ ಮಾಡಲಾಗುವುದು. ಉಪಗ್ರಹದಲ್ಲಿ ರವದಿ ಇಲ್ಲವೆಂಬ ತಕರಾರು ಬಂದಿದೆ. ಕಡಿತಕ್ಕೆ ಬೇಕಾದ ರವದಿಯನ್ನು ಸಂಶೋಧಕರೇ ತರತಕ್ಕದ್ದು.

೩. ಉಪಗ್ರಹವು ಟ್ರ್ಯಾಕ್ಟರುಗಳ ಹಿಂದೆ ಪಾಳಿ ಹಚ್ಚತಕ್ಕದ್ದು. ಹಂಗಾಮಿನಲ್ಲಿ ಪಾಳಿ ಬರಲು ಎರಡು ದಿನ ಹಿಡಿಯುತ್ತದೆ. ಆ ಅವಧಿಯಲ್ಲಿ ಉಪಗ್ರಹವು ಟ್ರ್ಯಾಕ್ಟರುಗಳಂತೆ ಜೋರಾಗಿ ಹಾಡು ಹಚ್ಚತಕ್ಕದ್ದಲ್ಲ.

೪. ದಾರಿಯಲ್ಲಿ ಶಾಲೆಯ ಮಕ್ಕಳು ಕಬ್ಬಿನ ಗಾಡಿಯಿಂದ ಜಲ್ಲೆ ಎಳೆದಂತೆ ಉಪಗ್ರಹದ ಆಂಟೆನಾ ಎಳೆದಲ್ಲಿ ವಿಭಾಗವು ಹೊಣೆಯಲ್ಲ. ಎಳೆದ ಆಂಟೆನಾ ಸಿಹಿಯಿಲ್ಲವೆಂಬ ದೂರನ್ನೂ ಸ್ವೀಕರಿಸಲಾಗುವುದಿಲ್ಲ.

೫. ದಿ. ೨೦.೦೧.೨೦೧೪ರಂದು ಡಾ. ರಸಿಕಾ ಅವರು ಗೇಟ್ ಪಾಸ್ ಇಲ್ಲದೆ ಸದರಿ ಉಪಗ್ರಹವನ್ನು ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡು ಜಮಖಂಡಿ ಬಸ್ಸು ಹತ್ತಿ, ಅಲ್ಲಿಂದ ಮುಂದೆ ಉಡಾವಣೆಗೆ ಒಯ್ದಿರುತ್ತಾರೆ. ಕಾರಣ ಕೇಳಲಾಗಿ, "ರಾಕೆಟ್ಟಿಗೆ ನಿಮ್ಮ ಪಾಳಿ ಗೊತ್ತಿಲ್ಲರಿ, ಅದು ಹೇಳಿದ ದಿನಾನ ಹೊರಡ್ತದ. ಈ ಸಲ ತಪ್ಪಿದ್ರ ಹುಡುಗೀರ ಮೂರು ವರ್ಷ ನೀರಾಗ ಹೋಮ" ಎಂದು ಉತ್ತರಿಸಿರುತ್ತಾರೆ. ಅಂದು ಗೇಟಿನಲ್ಲಿದ್ದ ಅದೇ ಲಗಮಪ್ಪ ಇವರಿಗೂ ನೋಟಿಸು ನೀಡಲಾಯಿತು. ಉತ್ತರ: "ಇಲ್ಲ ಅಂತ ನೀವ ಬರದೀರಿ. ಇಲ್ಲದ್ದಕ್ಕ ಪಾಸ ಹ್ಯಾಂಗ ಕೇಳ್ಲಿರಿ?" ಈ ಉತ್ತರವನ್ನು ತಳ್ಳಿಹಾಕುವ ನಿಯಮ ಇದುವರೆಗೆ ಸಿಕ್ಕಿರುವುದಿಲ್ಲ. ಹುಡುಕಲು ಉಪಸಮಿತಿ ರಚಿಸಲಾಗಿದೆ.

೬. ದಿ. ೧೯.೦೨.೨೦೧೪ರಂದು ಉಪಗ್ರಹವು ಮೇಲೆ ಹೋಗಿದ್ದು, ಹಿನ್ನೀರಿನ ಮೊದಲ ಚಿತ್ರವನ್ನೂ ಕಳಿಸಿರುತ್ತದೆ. ಇಲ್ಲದ ವಸ್ತು ತೆಗೆದ ಚಿತ್ರವನ್ನು ದಾಖಲೆಗೆ ಸೇರಿಸಲು ಬರುವುದಿಲ್ಲ. ಚೆನ್ನಾಗಿರುವುದರಿಂದ ಕಟ್ಟು ಹಾಕಿಸಿ ಸಮನ್ವಯಾಧಿಕಾರಿಗಳ ಕೋಣೆಯಲ್ಲಿ ತೂಗುಹಾಕಲಾಗಿದೆ.

೭. ಉಪಗ್ರಹವು ಕೂಡಲೇ ಕೆಳಗಿಳಿದು ಮರುತೂಕಕ್ಕೆ ಹಾಜರಾಗತಕ್ಕದ್ದೆಂದು ಸೂಚಿಸಲಾಗಿತ್ತು. ಅದಕ್ಕೆ ಡಾ. ರಸಿಕಾ ಅವರು, "ಈಗ ಮ್ಯಾಲೆ ತೇಲ್ತದರಿ, ಅಲ್ಲಿ ಯಾವ ಕಾಟಾದ ಮ್ಯಾಲೆ ಇಟ್ರೂ ಸೊನ್ನೀನ ಬರ್ತದ" ಎಂದು ಬರೆದಿರುತ್ತಾರೆ. ಚೀಟಿಯಲ್ಲಿಯೂ ಸೊನ್ನೆ ಇರುವುದರಿಂದ ದಾಖಲೆ ತಾಳೆಯಾಗಿದೆ. ಉಡಾವಣೆಗೆ ಆರು ವಾರ ಮೊದಲೇ ಕಾಟಾ ನಿಖರ ತೂಕ ಹೇಳಿದ್ದನ್ನು ವಿಭಾಗದ ಸಭೆಯು ಚಪ್ಪಾಳೆಯೊಂದಿಗೆ ಮೆಚ್ಚಿಕೊಂಡಿದೆ. ಯೋಜನೆಯ ಯಶಸ್ಸು ಕಾಟಾಕ್ಕೆ ಸಲ್ಲತಕ್ಕದ್ದು. ಕಾಟಾಕ್ಕೆ ಶಾಲು ಹೊದಿಸಿ ಸನ್ಮಾನಿಸಲಾಗುವುದು.

ಇದನ್ನು ಓದಿದವರು ಓದಿದ್ದೇವೆಂದು ಸಹಿ ಮಾಡುವುದು. ಓದದವರು ಮೊದಲು ಸಹಿ ಮಾಡುವುದು.

(ಪ್ರವಾಸದಲ್ಲಿರುವುದರಿಂದ ರಬ್ಬರ್ ಮೊಹರು)
ಪ್ರಭಾರ ಸಮನ್ವಯಾಧಿಕಾರಿ
ತೂಕ ಮತ್ತು ಬಾಹ್ಯಾಕಾಶ

ಪ್ರತಿಗಳು:

ಶ್ರೀ ಲಗಮಪ್ಪ: ಸನ್ಮಾನದಂದು ಕಾಟಾ ತೊಳೆಯಲು.

ಡಾ. ರಸಿಕಾ ಮತ್ತು ನಾಲ್ವರು ವಿದ್ಯಾರ್ಥಿನಿಯರು: ಕುರ್ಚಿ ಹಾಕಿಸಲು. ವೇದಿಕೆಯ ಪಟ್ಟಿಯಲ್ಲಿ ಇವರ ಹೆಸರಿಲ್ಲ.

ಉಪಗ್ರಹ: ತಲೆಯ ಮೇಲೆ ಹಾಯುವಾಗ ಮಾಳಿಗೆಯಿಂದ ಓದಿ ಹೇಳುವುದು.

ಈ ವಿಷಯದ ಕಡತ: ಹನ್ನೆರಡು ಕಿಲೋ ಆಗಿದೆ. ಕಾಟಾದಲ್ಲಿ ಕಾಣುತ್ತದೆ.