ಅಕ್ಕಿ ಡಬ್ಬಿಯೊಳಗಿನ ತತ್ತಿ

ಸಂಗನಬಸವ ಮಾಸ್ತರರು ಮೂವತ್ತೊಂಬತ್ತು ವರ್ಷ ಮೊಟ್ಟೆಯ ತಂಟೆಗೆ ಹೋದವರಲ್ಲ. ಮೊಟ್ಟೆಯೂ ಅವರ ತಂಟೆಗೆ ಬಂದಿರಲಿಲ್ಲ. ಎರಡೂ ಕಡೆಯಿಂದ ಮರ್ಯಾದೆಯಾಗಿ ನಡೆದುಬಂದಿದ್ದ ಈ ಸಂಬಂಧ ಕೆಟ್ಟದ್ದು ಒಂದು ಶುಕ್ರವಾರ ಮಧ್ಯಾಹ್ನ, ಶಾಲೆಯ ವರಾಂಡದಲ್ಲಿ, ಬುತ್ತಿ ಬಿಚ್ಚಿದ ಹೊತ್ತಿನಲ್ಲಿ.

ಮಾಸ್ತರರ ಶಾಲೆ ಸಂತೆಕಲ್ಲೂರಿನ ಕಡೆಯ ಒಂದು ಹಳ್ಳಿಯಲ್ಲಿ. ಇರುವುದು ಮಸ್ಕಿಯಲ್ಲಿ, ರೇಣುಕಮ್ಮನವರ ಮಾಳಿಗೆ ಮೇಲಿನ ಎರಡು ಖೋಲಿಯಲ್ಲಿ, ಒಬ್ಬರೇ. ಹೆಣ್ಣು ನೋಡಲು ಹೋದಲ್ಲೆಲ್ಲ ಉಪ್ಪಿಟ್ಟು ಚೆನ್ನಾಗಿತ್ತು, ಅದರಾಚೆ ಮಾತು ಮುಂದುವರಿಯಲಿಲ್ಲ. ಹನ್ನೊಂದು ವರ್ಷದಿಂದ ರಾತ್ರಿಯ ರೊಟ್ಟಿಯನ್ನು ಗೋಡೆ ನೋಡುತ್ತ ತಿನ್ನುತ್ತಾರೆ. ಇತ್ತೀಚೆಗೆ ಕುಕ್ಕರು ಸೀಟಿ ಹಾಕಿದರೆ "ಬಂದೆ ತಡಿ" ಎಂದು ಅದಕ್ಕೆ ಉತ್ತರ ಕೊಡುವ ಚಾಳಿಯೂ ಅಂಟಿಕೊಂಡಿತ್ತು. ಒಂದು ದಿನ ಆ ಮಾತು ತಮ್ಮ ಕಿವಿಗೇ ಬಿದ್ದು ಅವರಿಗೆ ನಿಜಕ್ಕೂ ಹೆದರಿಕೆಯಾಯಿತು.

ಅಂಥ ಹೊತ್ತಿನಲ್ಲಿ ಶಾಲೆಗೆ ಗಂಗಾಧರ ಮಾಸ್ತರರು ವರ್ಗವಾಗಿ ಬಂದರು. ದಢೇಸುಗೂರಿನವರು. ಹೆಂಡತಿ ಸಂಘಮಿತ್ರಾ ಸಿಂಧನೂರಿನಲ್ಲಿ ನೌಕರಿ ಮಾಡುತ್ತಿದ್ದರಿಂದ ಇವರು ಇಲ್ಲಿ ಒಂದು ಖೋಲಿ ಹಿಡಿಯಬೇಕಿತ್ತು. ಬಾಯಿ ತೆರೆದರೆ ನಗೆ, ನಕ್ಕರೆ ಮಾತು. ಇಂಥವನೊಬ್ಬ ಮನೆಯಲ್ಲಿದ್ದರೆ ಗೋಡೆಯ ಹಂಗು ತಪ್ಪುತ್ತದಲ್ಲ ಎಂದು ಸಂಗನಬಸವರಿಗೆ ಮೊದಲ ದಿನವೇ ಅನಿಸಿತ್ತು.

"ಎರಡು ಖೋಲಿ ಅದಾವ್ರಿ, ನಾ ಒಬ್ನ ಇರೋದು. ಬಂದುಬಿಡ್ರಲ್ಲ" ಅಂದರು ಆ ಶುಕ್ರವಾರ, ಧೈರ್ಯ ಮಾಡಿ.

"ಬರ್ತಿದ್ದೆ ಸರ. ಆದ್ರ ನಿಮ್ದು ವಿಭೂತಿ ಮನಿ. ನಂಗ ವಾರಕ್ಕೊಮ್ಮಿ ಕೋಳಿ ಬೇಕು. ಅದೂ ಹೊರಗ ಗರಿಗರಿ ಪುಡಿ ಹಚ್ಚಿ ಕರದದ್ದು. ಸುಮ್ನ ನಿಮಗ್ಯಾಕ ತ್ರಾಸು?"

"ಎಂಥಾ ತ್ರಾಸು! ಐತ್ವಾರ ಸಂಜಿಗೆ ಊಟಕ್ಕ ಬರ್ರಿ. ನಾನ ಕರದು ಹಾಕ್ತೀನಿ. ಖೋಲಿ ನೋಡಿದಂಗೂ ಆತು" ಅಂದುಬಿಟ್ಟರು ಸಂಗನಬಸವರು. ಅಂದ ಮೇಲೆ, ಕೋಳಿ ಹಾಗಿರಲಿ, ಮೊಟ್ಟೆಯನ್ನೂ ತಾವು ಮುಟ್ಟಿದವರಲ್ಲ ಎಂಬುದು ನೆನಪಾಯಿತು.

ಶನಿವಾರ ರಾತ್ರಿ ಮೊಬೈಲಿನಲ್ಲಿ ಒಂದು ವಿಡಿಯೊ ಸಿಕ್ಕಿತು. ಮಾತಿಲ್ಲ, ಕತೆಯಿಲ್ಲ, ಬರೀ ಎರಡು ಕೈ. ಆ ಕೈಗಳು ಕೋಳಿಯ ತುಂಡನ್ನು ಹಿಟ್ಟಿನಲ್ಲಿ ಹೊರಳಿಸಿ, ಒಂದು ಹಳದಿ ರಸದಲ್ಲಿ ಅದ್ದಿ, ಆಮೇಲೆ ಪುಡಿಯಲ್ಲಿ ಒತ್ತಿ ಎಣ್ಣೆಗೆ ಬಿಡುತ್ತಿದ್ದವು. ಪಕ್ಕದಲ್ಲಿ ಎರಡು ಮೊಟ್ಟೆಯ ಚಿತ್ರ. ಹಳದಿ ರಸ ಅಂದರೆ ಮೊಟ್ಟೆ, ಅದಿಲ್ಲದೆ ಪುಡಿ ಅಂಟುವುದಿಲ್ಲ ಎಂಬಷ್ಟು ಮಾಸ್ತರರಿಗೆ ತಿಳಿಯಿತು. ತಿಳಿಯದೆ ಉಳಿದದ್ದು ಒಂದೇ. ಅವರು ಕಂಡ ಮೊಟ್ಟೆಯೆಲ್ಲ ಶಾಲೆಯ ಬಿಸಿಯೂಟದ್ದು, ಅಡುಗೆ ಕೋಣೆಯಿಂದ ಬೆಂದೇ ಬರುವಂಥದ್ದು. ಮಕ್ಕಳು ಸುಲಿದಾಗ ಒಳಗೆ ಬಿಳಿ ಗಟ್ಟಿ, ಅದರೊಳಗೆ ಹಳದಿ ಗಟ್ಟಿ. ಮೊಟ್ಟೆ ಹುಟ್ಟುವುದೇ ಹಾಗೆ ಎಂದು ಅವರು ನಂಬಿದ್ದರು. ಅರೆದು ನೀರು ಬೆರೆಸಿದರೆ ರಸವಾಗುತ್ತದೆ, ಅದರಲ್ಲೇನಿದೆ?

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಲಿಂಗಸುಗೂರಿಗೆ ಹೋದರು. ಮಸ್ಕಿಯಲ್ಲೇ ಕೋಳಿ ಅಂಗಡಿಗೆ ಬರವಿರಲಿಲ್ಲ, ಆದರೆ ವಿಭೂತಿ ಮಾಸ್ತರರು ಅಲ್ಲಿ ನಿಂತರೆ ಸಂಜೆಯೊಳಗೆ ಊರೆಲ್ಲ ಸುದ್ದಿ. ಮುಖಕ್ಕೆ ಟವೆಲ್ ಸುತ್ತಿ ಅರ್ಧ ಕಿಲೋ ತೂಗಿಸಿ, ಚೀಲದಲ್ಲಿ ಎರಡನೇ ಈಯತ್ತೆಯ ಕಾಪಿ ಪುಸ್ತಕಗಳ ಕೆಳಗೆ ಅಡಗಿಸಿ ತಂದರು. ದಾರಿಯುದ್ದಕ್ಕೂ ಚೀಲ ತೊಡೆಯ ಮೇಲೆ ತಣ್ಣಗೆ ಒದ್ದೆಯಾಗುತ್ತಿತ್ತು. ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗಲೇ ನೆನಪಾದದ್ದು, ಮೊಟ್ಟೆ ಮರೆತೇಹೋಗಿದೆ.

ಎದುರಿಗೇ ಕರೆಮ್ಮನ ಬಂಡಿ. ಚಹಾ, ಬಿಸ್ಕೀಟು, ಗಾಜಿನ ಭರಣಿಯಲ್ಲಿ ಬೇಯಿಸಿದ ಮೊಟ್ಟೆ. ಮಾಸ್ತರರು ಅತ್ತ ಇತ್ತ ನೋಡಿ, "ಎರಡು ತತ್ತಿ ಕಟ್ಟವಾ" ಅಂದರು.

"ಅಯ್ಯ, ಮಾಸ್ತರ್ರು ತತ್ತಿ ಒಯ್ಯಾಕತ್ತಾರ!" ಕರೆಮ್ಮನ ದನಿ ಬಸ್ಸಿನ ಹಾರನ್ನನ್ನು ಮೀರಿಸುವಂಥದ್ದು. ನಾಲ್ಕು ಜನ ತಿರುಗಿ ನೋಡಿದರು.

"ತಿನ್ನಾಕಲ್ಲವಾ. ಕಾಲು ಉಳುಕೈತಿ. ಪಟ್ಟಿ ಹಾಕಾಕ."

"ಪಟ್ಟಿಗೆ ಹಸೀದು ಬೇಕ್ರಿ ಸರ, ಇವು ಬೇಯ್ಸಿದಾವು."

"ಇರ್ಲಿ ಬಿಡು, ಇವ ಆಗ್ತಾವ" ಅಂದು ಮಾಸ್ತರರು ಕುಂಟುತ್ತ ಹೊರಟರು. ಕುಂಟಲೇಬೇಕಾಗಿತ್ತು, ಕರೆಮ್ಮ ನೋಡುತ್ತಿದ್ದಳು.

ಮಸ್ಕಿಯಲ್ಲಿ ಸುದ್ದಿ ಆಟೋಕ್ಕಿಂತ ಮೊದಲು ಮನೆ ಮುಟ್ಟುತ್ತದೆ. ಬಾಗಿಲಲ್ಲೇ ರೇಣುಕಮ್ಮನವರು ನಿಂತಿದ್ದರು. "ಕಾಲು ಉಳುಕೈತಂತ? ಯಾವ ಕಾಲ್ರಿ?" ಮಾಸ್ತರರು ಒಂದು ಕ್ಷಣ ಯೋಚಿಸಿ "ಎಡಗಾಲ್ರಿ" ಅಂದರು. ದಾರಿಯಲ್ಲಿ ಕುಂಟಿದ್ದು ಬಲಗಾಲು. ಮೆಟ್ಟಿಲಿನ ಮೇಲೆ ಕಾಲು ಬದಲಾಯಿಸಿಕೊಂಡರು.

ಮಧ್ಯಾಹ್ನ ಬಾಗಿಲು ಕಿಟಕಿ ಹಾಕಿಕೊಂಡು ಕೆಲಸ ಶುರುವಾಯಿತು. ರಸ್ಕ್ ಕುಟ್ಟಿ ಪುಡಿ ಮಾಡಿದರು. ಮೊಟ್ಟೆ ಸುಲಿದು, ಕಣ್ಣು ಅರ್ಧ ಮುಚ್ಚಿ, ಸೌಟಿನಿಂದ ಅರೆದು ನೀರು ಹಾಕಿದರು. ರಸವಾಗಲಿಲ್ಲ, ನೀರು ಬೇರೆ, ಮೊಟ್ಟೆಯ ನುಚ್ಚು ಬೇರೆ ನಿಂತವು. ಒಂದಿಷ್ಟು ಅರಿಶಿನ ಬೆರೆಸಿದಾಗ ಬಣ್ಣವಾದರೂ ವಿಡಿಯೊಕ್ಕೆ ಹತ್ತಿರ ಬಂತು. ಕೋಳಿಯ ತುಂಡು ಅದ್ದಿ, ಪುಡಿಯಲ್ಲಿ ಒತ್ತಿ ಎಣ್ಣೆಗೆ ಬಿಟ್ಟರೆ ಮೇಲಿನದೆಲ್ಲ ಕಳಚಿ ಎಣ್ಣೆಯಲ್ಲಿ ತೇಲಿತು. ತುಂಡು ಮಾತ್ರ ಹೊಳೆಗೆ ಬಿದ್ದವರ ಹಾಗೆ ಬತ್ತಲೆ ಮೇಲೆದ್ದಿತು. ಇನ್ನೊಂದು ತುಂಡು, ಅದೂ ಅಷ್ಟೇ. ಮೂರನೆಯದನ್ನು ಎರಡೂ ಕೈಯಲ್ಲಿ ಹಿಸುಕಿ ಹಿಡಿದು, "ಅಂಟಪ್ಪ, ಒಮ್ಮೆರ ಅಂಟು" ಎಂದು ಬೇಡಿಕೊಂಡರು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು.

"ಮಾಸ್ತರ್ರ, ಏನೋ ವಾಸನಿ ಬರಾಕತ್ತೈತಲ್ಲ?" ರೇಣುಕಮ್ಮನವರು.

ಮಾಸ್ತರರು ಬಾಗಿಲನ್ನು ಮೂಗಿನಷ್ಟು ತೆರೆದರು. "ಕಾಲಿಗೆ ಹಚ್ಚಾಕ ಎಣ್ಣಿ ಕಾಸಾಕತ್ತೀನ್ರಿ."

"ಭಾರಿ ಘಮ್ಮಂತೈತಿ. ಎಲ್ಲಿದ್ರಿ?"

"ಲಿಂಗಸುಗೂರಿಂದು."

"ನನಗೂ ಮೊಣಕಾಲು ಹಿಡಕೊಂಡೈತಿ. ಒಂದೀಟು ಕೊಡ್ರಲ್ಲ" ಎಂದು ರೇಣುಕಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತರು. ಮಾಸ್ತರರು ಒಳಗೆ ಹೋಗಿ ಪಾಕೀಟಿನಲ್ಲಿ ಉಳಿದಿದ್ದ ಶೇಂಗಾ ಎಣ್ಣೆಯನ್ನು ಬಟ್ಟಲಿಗೆ ಸುರಿದು ತಂದುಕೊಟ್ಟರು. ಅವರು ಕೆಳಗಿಳಿದ ಮೇಲೆ ನೋಡಿದರೆ ಬಾಣಲೆಯಲ್ಲಿ ಕರಕಲು, ಪಾಕೀಟು ಖಾಲಿ, ಗಡಿಯಾರದಲ್ಲಿ ಐದು ಗಂಟೆ. ಗಂಗಾಧರರು ಏಳಕ್ಕೆ ಬರುತ್ತೇನೆ ಅಂದಿದ್ದರು.

ಅವರ ಮಾಳಿಗೆಗೂ ಪಕ್ಕದ ಇಮಾಮ್‌ಬೀಯ ಮಾಳಿಗೆಗೂ ನಡುವೆ ಸೊಂಟದೆತ್ತರದ ಒಂದು ಗೋಡೆ. ಮಗಳು ಶಾಹೀಸ್ತಾ ಮದುವೆಯಾಗಿ ಸಿಂಧನೂರಿಗೆ ಹೋದ ಮೇಲೆ ಇಮಾಮ್‌ಬೀಯೂ ಒಬ್ಬಳೇ. ಹನ್ನೊಂದು ವರ್ಷ ಆಕೆಗೆ ತಲೆಯಾಡಿಸಿದ್ದಷ್ಟೇ, ಮಾತಾಡಿದ್ದಿಲ್ಲ. ಮಾಸ್ತರರು ಉಳಿದ ಕೋಳಿಯ ಬೋಗುಣಿ ಹಿಡಿದು ಆ ಗೋಡೆಯನ್ನು ಒಂದೇ ನೆಗೆತಕ್ಕೆ ಹಾರಿದರು. ಹಾರಿದ್ದು ಅಂಗಳದಲ್ಲಿದ್ದ ರೇಣುಕಮ್ಮನವರಿಗೆ ಕಂಡಿತು.

"ಮಾಸ್ತರ್ರ! ಕಾಲು?"

"ಎಣ್ಣಿ ಹಿಡೀತ್ರಿ!" ಎಂದು ಕೂಗಿ ಮಾಸ್ತರರು ಇಮಾಮ್‌ಬೀಯ ಮೆಟ್ಟಿಲಿಳಿದರು.

ಇಮಾಮ್‌ಬೀ ಕತೆಯೆಲ್ಲ ಕೇಳಿ ಸೆರಗು ಬಾಯಿಗಿಟ್ಟುಕೊಂಡಳು. "ಅರೆ ಅಲ್ಲಾ! ಬೇಯ್ಸಿದ ತತ್ತಿ ಹಚ್ಚಿದ್ರ ಪುಡಿ ಅಂಟ್ತೈತೇನ್ರಿ ಮಾಸ್ತರ್ರ?" ಎಂದು ಒಂದು ಹಸಿ ಮೊಟ್ಟೆಯನ್ನು ಬಟ್ಟಲಿನ ಅಂಚಿಗೆ ಕುಟ್ಟಿದಳು. ಒಳಗಿನದು ಜಾರಿ ಬಿತ್ತು. ಮಾಸ್ತರರು ಎರಡು ಹೆಜ್ಜೆ ಹಿಂದೆ ಸರಿದರು.

"ಇದೇನ್ರಿ, ಒಳಗ ನೀರೈತಿ! ಕೆಟ್ಟೈತೇನ?"

ಇಮಾಮ್‌ಬೀ ಕೂತಲ್ಲೇ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. "ಭಾಳ ದಿನ ಆಗಿತ್ತು ನೋಡ್ರಿ ನಕ್ಕು. ಶಾಹೀಸ್ತಾ ಹೋದಾಗಿಂದ ಮ್ಯಾಲಿನ ಖೋಲಿ ಖಾಲಿ ಐತಿ. ಒಬ್ಬಾಕಿಗೆ ಅಂತ ಒಲಿ ಹಚ್ಚಾಕ ಮನಸ ಬರಂಗಿಲ್ಲ. ತಿನ್ನೋರಿದ್ರ ಕೈಗೆ ಹುರುಪು ಇರ್ತೈತಿ" ಎಂದು ಹೇಳುತ್ತಲೇ ಕೋಳಿಯನ್ನು ಅದ್ದಿದಳು, ಪುಡಿಯಲ್ಲಿ ಒತ್ತಿದಳು, ಕರಿದಳು. ಮಾಸ್ತರರು ಬಾಣಲೆ ನೋಡುತ್ತಿದ್ದರೇ ಹೊರತು ಮಾತು ಕೇಳಿಸಿಕೊಳ್ಳಲಿಲ್ಲ. ಪುಡಿ ಅಂಟಿತ್ತು! ಕಡ್ಡಿಯಲ್ಲಿ ಚುಚ್ಚಿದರೂ ಬಿಡದಂತೆ ಅಂಟಿತ್ತು. ಹೊರಡುವಾಗ ಇಮಾಮ್‌ಬೀ ಇನ್ನೊಂದು ಹಸಿ ಮೊಟ್ಟೆಯನ್ನು ಅವರ ಕೈಗಿಟ್ಟಳು. "ಇಟಗೋರಿ. ಮುಂದಿನ ಐತ್ವಾರ ನೀವ ಮಾಡ್ರಿ."

ಮುಂದಿನ ಭಾನುವಾರ! ಆ ಮಾತು ಮಾಸ್ತರರಿಗೆ ಬಲು ಹಿತವಾಯಿತು. ಮೊಟ್ಟೆಯನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟು, ಎರಡು ತಾಟು ತೊಳೆದಿಟ್ಟರು. ಎರಡನೆಯದು ಹೊಸದು, ಹನ್ನೊಂದು ವರ್ಷದಲ್ಲಿ ಅದರ ಚೀಟಿಯನ್ನೂ ಕಿತ್ತಿರಲಿಲ್ಲ.

ಗಂಗಾಧರರು ಬಟ್ಟೆಯ ಚೀಲ ಹಿಡಿದೇ ಬಂದರು, ಖೋಲಿ ನೋಡಿ "ಗಾಳಿ ಛಲೋ ಐತಿ" ಅಂದರು, ಊಟಕ್ಕೆ ಕೂತರು. ಮಾಸ್ತರರು ತಮ್ಮ ರೊಟ್ಟಿ ಪಲ್ಯ ಮುಟ್ಟದೆ ಎದುರಿನ ಮುಖವನ್ನೇ ನೋಡಿದರು. ಊಟದ ಹೊತ್ತಿನಲ್ಲಿ ಎದುರಿಗೆ ಗೋಡೆಯ ಬದಲು ಒಂದು ಮುಖವಿದ್ದರೆ ರೊಟ್ಟಿಗೂ ಬೇರೆ ರುಚಿ ಬರುತ್ತದೆಂದು ಅವರಿಗೆ ಗೊತ್ತೇ ಇರಲಿಲ್ಲ. ಕರುಂ ಎಂದು ಮೊದಲ ತುಂಡು ಮುರಿಯಿತು. ಗಂಗಾಧರರು ಕಣ್ಣು ಮುಚ್ಚಿದರು.

"ಸರ, ಸಿಂಧನೂರಿನ್ಯಾಗೂ ಇಂಥದ್ದು ತಿಂದಿಲ್ಲ. ಖರೇ ಹೇಳ್ರಿ, ಯಾರು ಮಾಡ್ಯಾರ?"

ನಾನೇ ಅಂದುಬಿಡಬಹುದಿತ್ತು. ನಾಲಿಗೆಯ ತುದಿಗೂ ಬಂತು. ಆದರೆ ಬೆಳಗಿನಿಂದ ಕರೆಮ್ಮನಿಗೆ ಒಂದು, ರೇಣುಕಮ್ಮನಿಗೆ ನಾಲ್ಕು ಸುಳ್ಳು ಹೇಳಿ ಮಾಸ್ತರರ ನಾಲಿಗೆ ದಣಿದಿತ್ತು. ಅದೂ ಅಲ್ಲದೆ, ಜೊತೆಗಿರಲು ಬರುವವನಿಗೆ ಮೊದಲ ದಿನವೇ ಸುಳ್ಳೇಕೆ? "ಪಕ್ಕದ ಮನಿ ಇಮಾಮ್‌ಬೀ" ಎಂದು ಗೋಡೆಯತ್ತ ಕೈ ತೋರಿಸಿದರು. "ಪಾಪ, ಒಬ್ಬಾಕಿ. ಮ್ಯಾಲಿನ ಖೋಲಿ ಸೈತ ಖಾಲಿ ಐತಂತ."

ಕೊನೆಯ ಮಾತು ತಮ್ಮ ತಲೆಯೊಳಗೆ ಯಾವಾಗ ಹೊಕ್ಕಿತ್ತೋ ಅವರಿಗೇ ತಿಳಿಯದು.

ಗಂಗಾಧರರು ಕೈ ತೊಳೆದು, "ಆ ತಾಯಿಗೊಂದು ಮಾತು ಹೇಳಿ ಬರ್ತೀನ್ರಿ" ಎಂದು ಹೋದರು. ಅರ್ಧ ಗಂಟೆಯ ಮೇಲೆ ಚೀಲ ಒಯ್ಯಲು ಬಂದರು. "ಸರ, ನಿಮ್ಮ ಉಪಕಾರ ಮರಿಯಂಗಿಲ್ಲ. ಖೋಲಿ ಕೊಟ್ರು, ಊಟಾನೂ ಅವ್ರ ಮಾಡಿ ಹಾಕ್ತಾರಂತ. ನಿಮಗೂ ನನ್ನಿಂದ ತ್ರಾಸು ತಪ್ಪಿತು, ಹೌದಿಲ್ಲೋ?"

"ಹೌದ್ರಿ" ಅಂದರು ಸಂಗನಬಸವರು.

ಮರುದಿನ ಬಟ್ಟಲು ಹಿಂದಕ್ಕೆ ಕೊಡಲು ಬಂದ ರೇಣುಕಮ್ಮ, ಲಿಂಗಸುಗೂರಿನ ಎಣ್ಣೆಗೆ ಮೊಣಕಾಲು ಹಗುರಾಯಿತೆಂದು ಹೊಗಳಿ, "ಆ ಮಾಸ್ತರ್ರು ಇಲ್ಲೇ ಇರ್ತಾರ ಅಂತ ಮಾಡಿದ್ದೆ. ಯಾಕ ಬ್ಯಾಡಂದ್ರು?" ಅಂದರು.

"ಅವರಿಗೆ ಕೋಳಿ ಬೇಕ್ರಿ. ನಿಮ್ಮ ಮನ್ಯಾಗ ನಡಿಯಂಗಿಲ್ಲಲ್ರಿ."

"ಹಂಗಂತ ನಾ ಯಾವಾಗ ಅಂದೀನಿ? ನೀವ ಬಂದ ದಿನ, ನಾವು ತತ್ತಿ ಸೈತ ಮುಟ್ಟಂಗಿಲ್ಲ ಅಂದ್ರಿ. ನಾ ಹೂಂ ಅಂದೆ. ನನಗೇನು, ಮ್ಯಾಲ ಯಾರರ ಮಾತಾಡೋ ಸಪ್ಪಳ ಕೇಳಿದ್ರ ಸಾಕಾಗಿತ್ತು."

ಮಾಸ್ತರರು ಬಟ್ಟಲು ತೆಗೆದುಕೊಂಡು ಒಳಗೆ ಹೋದರು. ಆ ವಾರವೆಲ್ಲ ದಿನಕ್ಕೊಮ್ಮೆ ಅಕ್ಕಿ ಡಬ್ಬಿ ತೆರೆದು ಮೊಟ್ಟೆ ಒಡೆದಿಲ್ಲವೆಂದು ನೋಡಿದರು. ಎಸೆಯಲು ಮನಸ್ಸಾಗಲಿಲ್ಲ. ಮನೆಯಲ್ಲಿ ತಮ್ಮನ್ನು ಬಿಟ್ಟರೆ ಇನ್ನೊಂದು ಅಂತ ಇದ್ದದ್ದು ಅದೇ.

ಭಾನುವಾರ ಸಂಜೆ ಗೋಡೆಯಾಚೆ ನಗೆ, ಬಾಣಲೆಯ ಚುರ್ ಚುರ್, ನಡುವೆ ಗಂಗಾಧರರ ಕೂಗು: "ಸರ! ಸಂಗನಬಸವ ಸರ!"

ಮಾಸ್ತರರು ಗಡಬಡಿಸಿ ಅಂಗಿ ತೊಟ್ಟರು, ಕೂದಲು ಬಾಚಿದರು. ಕೋಳಿ ತಿನ್ನದಿದ್ದರೇನು, ರೊಟ್ಟಿ ಒಯ್ದು ಅಲ್ಲೇ ಕೂತು ತಿಂದರಾಯಿತು. ಹೊಸ ತಾಟನ್ನು ಕಂಕುಳಲ್ಲಿಟ್ಟುಕೊಂಡೇ ಮಾಳಿಗೆಗೆ ಓಡಿದರು.

"ಸರ, ಒಂದು ತತ್ತಿ ಕಮ್ಮಿ ಬಿದ್ದೈತ್ರಿ" ಅಂದರು ಗಂಗಾಧರರು ಗೋಡೆಯ ಮೇಲಿಂದ ಬಾಗಿ. "ನಿಮ್ಮ ಹತ್ರ ಒಂದೈತಂತಲ್ಲ, ಇಮಾಮ್‌ಬೀ ಅಂದ್ರು."

ಮಾಸ್ತರರು ಒಳಗೆ ಹೋಗಿ ಅಕ್ಕಿಯೊಳಗಿಂದ ಮೊಟ್ಟೆ ತೆಗೆದು, ಅಂಗಿಯ ತುದಿಯಿಂದ ಒರೆಸಿ, ತಂದು ಕೊಟ್ಟರು. "ಥ್ಯಾಂಕ್ಸ್ ಸರ" ಎಂದು ಗಂಗಾಧರರು ಮೊಟ್ಟೆಯೊಂದಿಗೆ ಮೆಟ್ಟಿಲಿಳಿದುಹೋದರು.

ಒಳಗೆ ಕುಕ್ಕರು ಸೀಟಿ ಹಾಕಿತು.

"ಬಂದೆ ತಡಿ" ಅಂದರು ಮಾಸ್ತರರು.