ಮಾವ ಗೆದ್ದ ಮೇಲೆ ಮೂವತ್ತು ದಿನ

ನಮ್ಮ ಸೋದರಮಾವನಷ್ಟು ಕಾನೂನು ತಿಳಿದವರು ಗುಬ್ಬಿ ತಾಲ್ಲೂಕಿನಲ್ಲೇ ಇಲ್ಲ. ವಕೀಲರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ! ಓದಿದ್ದು ಏಳನೇ ಕ್ಲಾಸು. ಮಿಕ್ಕ ವಿದ್ಯಾಭ್ಯಾಸವೆಲ್ಲ ಕೋರ್ಟಿನ ಹೊರಗಿನ ಬೆಂಚಿನ ಮೇಲೆ.

ಅವರ ಮನೆಯಲ್ಲಿ ಸಾರಿಗೆ ಉಪ್ಪು ಕಮ್ಮಿಯಾದರೆ ಸುಮ್ಮನೆ ಬಾಯಿ ಬಿಡುವಂತಿಲ್ಲ. ಮೊದಲು ಸೊಸೆಯ ಬಳಿ ದೂರು. ಅದು ಕಿರಿಯ ಶ್ರೇಣಿ ನ್ಯಾಯಾಲಯ. ಅಲ್ಲಿ ಸೋತರೆ ಅತ್ತೆ, ಹಿರಿಯ ಶ್ರೇಣಿ. ಅಲ್ಲೂ ಸೋತರೆ ಜಗಲಿಯ ಮೇಲೆ ಕೂತ ಮಾವ, ಸಾಕ್ಷಾತ್ ಜಿಲ್ಲಾ ನ್ಯಾಯಾಲಯ. ಅಷ್ಟು ಹೊತ್ತಿಗೆ ಸಾರು ಆರಿರುತ್ತದೆ, ಆ ಮಾತು ಬೇರೆ. ಆದರೆ ಅತ್ತೆಗೆ ಈ ಶ್ರೇಣಿಗಳ ಮೇಲೆ ಎಳ್ಳಷ್ಟೂ ಗೌರವವಿಲ್ಲ. ಯಾರೂ ದೂರು ಕೊಡದೆಯೇ ಕೇಸು ಕೈಗೆತ್ತಿಕೊಂಡು, ಮಾವನ ಮೇಲೆಯೇ ತೀರ್ಪು ಕೊಟ್ಟುಬಿಡುತ್ತಾರೆ. ಅದಕ್ಕೆ ಅಪೀಲಿಲ್ಲ.

ಒಮ್ಮೆ ನಾನು ಕಾಫಿ ತಣ್ಣಗಿದೆ ಎಂದೆ.

“ನಿಮ್ಮೂರು ಯಾವ್ದ್ಲಾ?” ಎಂದರು ಮಾವ.

“ಕುಣಿಗಲ್. ಗೊತ್ತಲ್ಲ ಮಾವ.”

“ಹಂಗಾದ್ರೆ ನಿನ್ ದೂರು ಕುಣಿಗಲ್‌ನಾಗೇ ಹಾಕ್ಕ. ಇದು ಗುಬ್ಬಿ ವ್ಯಾಪ್ತಿ. ಎರಡೂ ಕಡೆಯೋರ್ದು ಕೇಳೋದು ತುಮಕೂರು ಜಿಲ್ಲಾ ಕೋರ್ಟು ಒಂದೇಯ.”

ಕಾಫಿಯನ್ನು ತಣ್ಣಗೇ ಕುಡಿದೆ.

ಈ ಪಾಂಡಿತ್ಯಕ್ಕೆಲ್ಲ ಕಾರಣ ಪಕ್ಕದ ಮನೆಯಲ್ಲಿರುವ ಅವರ ಸ್ವಂತ ಅಣ್ಣ, ನಮ್ಮ ದೊಡ್ಡಮಾವ. ತೆಂಗಿನ ತೋಟದ ಗಾಡಿದಾರಿ ಯಾರದೆಂದು ಗುಬ್ಬಿಯ ಹಿರಿಯ ಶ್ರೇಣಿ ಕೋರ್ಟಿನಲ್ಲಿ ಇಬ್ಬರಿಗೂ ಹದಿನಾಲ್ಕು ವರ್ಷ ಕೇಸು. ಅಷ್ಟರಲ್ಲಿ ರಾಮ ವನವಾಸ ಮುಗಿಸಿ ಊರಿಗೆ ಬಂದಿದ್ದ! ಎರಡು ಮನೆಗಳ ನಡುವೆ ಮಾತಿಲ್ಲ, ಕತೆಯಿಲ್ಲ. ವಾಯಿದೆಯ ದಿನ ಮಾತ್ರ ಪದ್ಧತಿಯೇ ಬೇರೆ. ದೊಡ್ಡಮಾವ ಮೊದಲು ಬಸ್ ಹತ್ತಿ, ಹೆಗಲ ಟವಲು ಹಾಕಿ ತಮ್ಮನಿಗೆ ಸೀಟು ಹಿಡಿಯುತ್ತಿದ್ದರು. ವಾದಿ, ಪ್ರತಿವಾದಿ ಇಬ್ಬರೂ ದಾರಿಯುದ್ದಕ್ಕೂ ಹರಟಿ, ಕೋರ್ಟಿನೆದುರು ಒಂದೇ ಪ್ಲೇಟಿನಲ್ಲಿ ಇಡ್ಲಿ ತಿಂದು, ಒಳಗೆ ಹೋದಮೇಲೆ ಒಬ್ಬರ ಮುಖ ಒಬ್ಬರು ನೋಡದೆ ನಿಲ್ಲುತ್ತಿದ್ದರು. ಇಂಥ ಹಗೆತನವನ್ನು ನೀವೆಲ್ಲಾದರೂ ಕಂಡಿದ್ದೀರಾ?

ಕೊನೆಗೆ ಮಾವ ಗೆದ್ದರು. ಗೆದ್ದವನು ಸೋತ, ಸೋತವನು ಸತ್ತ ಅನ್ನುತ್ತಾರಲ್ಲ, ಗೆದ್ದ ದಿನದಿಂದಲೇ ಮಾವನಿಗೆ ಊಟ ಸೇರಲಿಲ್ಲ. ತುಮಕೂರಿನ ಜಿಲ್ಲಾ ಕೋರ್ಟಿಗೆ ಅಪೀಲು ಹಾಕಲು ದೊಡ್ಡಮಾವನಿಗಿದ್ದದ್ದು ಮೂವತ್ತು ದಿನ. ಮಾವ ಕ್ಯಾಲೆಂಡರಿನ ಒಂದೊಂದೇ ದಿನಕ್ಕೆ ಗೀಟು ಎಳೆಯುತ್ತ ಕೂತರು. ಗೆದ್ದದ್ದು ಎಲ್ಲಿ ಕೈಜಾರೀತೋ ಎಂಬ ಹೆದರಿಕೆ ಅಂದುಕೊಂಡೆವು. ಇಪ್ಪತ್ತೆಂಟನೆಯ ದಿನ ನನ್ನನ್ನೂ ಕರೆದುಕೊಂಡು ಪಕ್ಕದ ಮನೆಯ ಜಗಲಿಗೆ ನಡೆದೇಬಿಟ್ಟರು.

“ಅಪೀಲು ಹಾಕಣ್ಣ. ಇನ್ನೆರಡೇ ದಿನ ಐತೆ.”

“ಸೋತವ್ನು ನಾನು. ನಿಂಗ್ಯಾಕ್ಲಾ ಅವಸರ?” ಎಂದರು ದೊಡ್ಡಮಾವ.

“ತುಮಕೂರು ಗುಬ್ಬಿಗಿಂತ ದೂರ. ಬಸ್ನಾಗೆ ಇನ್ನೊಸಿ ಹೊತ್ತು ಕೂರ್ಬೋದು.”

ದೊಡ್ಡಮಾವ ಪಂಚೆ ಸರಿಸಿ ಊದಿದ ಮಂಡಿ ತೋರಿಸಿದರು. “ಇನ್ ಬಸ್ ಹತ್ತಕ್ಕಾಗಲ್ಲ ಕಣೋ. ಬುಡು.”

ಮಾವ ನಿಂತೇ ಇದ್ದರು. ದೊಡ್ಡಮಾವ ತಮ್ಮನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಹೆಗಲ ಮೇಲಿನ ಟವಲು ತೆಗೆದು, ಜಗಲಿಯ ಮೇಲೆ ತಮ್ಮ ಪಕ್ಕದಲ್ಲಿ ಹಾಕಿದರು.