ಹೆಣ್ಣಿನ ದನಿಯ ಬಗ್ಗೆ ನನ್ನ ಎರಡು ಮಾತು

ಸಿನಿಮಾ ಹಾಡಿನ ಚರಿತ್ರೆ ಬೇಕೆಂದರೆ ನನ್ನನ್ನು ಕೇಳಬೇಕು! ಕುಂದಾಪುರದಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದವನು ನಾನು. ಈಗ ಅದೇ ಅಂಗಡಿಯಲ್ಲಿ ಮೊಬೈಲ್ ಕವರ್ ಮಾರುತ್ತೇನೆ, ಅದು ಬೇರೆ ಮಾತು.

ಹಾಗಾಗಿ ಸಾಸ್ತಾನದ ನಮ್ಮ ಮಹಿಳಾ ಮಂಡಳಿಯವರು 'ಸಿನಿಮಾ ಹಾಡಿನಲ್ಲಿ ಹೆಣ್ಣಿನ ದನಿ' ಎಂಬ ಗಹನ ವಿಷಯದ ಮೇಲೆ ಮಾತಾಡಲು ನನ್ನನ್ನೇ ಆರಿಸಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಆರಿಸಿದವಳು ಹೆಂಡತಿ ಸುಮತಿ. ಮಂಡಳಿಯ ಅಧ್ಯಕ್ಷೆ ಜಲಜಕ್ಕನ ತವರುಮನೆಯವರು ಕೊಕ್ಕರ್ಣೆಯಲ್ಲಿ ಹರಕೆಯ ಯಕ್ಷಗಾನ ಆಡಿಸುತ್ತಿದ್ದರು. ಆಟಕ್ಕೆ ಮೊದಲು ಅರ್ಧ ಗಂಟೆ ರಂಗಸ್ಥಳ ಹೆಂಗಸರಿಗೆ ಸಿಕ್ಕಿತ್ತು: ಮೊದಲು ನನ್ನ ಎರಡು ಮಾತು, ಆಮೇಲೆ ಅವರ ಹಾಡು. ಯಾರನ್ನೂ ಕೇಳದೆ ಒಬ್ಬಳೇ ಬಸ್ಸು ಹತ್ತಿ ಕೊಲ್ಲೂರಿಗೆ ಹೋಗಿಬಂದ ಹೆಂಗಸಿನ ಮೇಲೆ ಸುಮತಿ ತಾನೇ ಒಂದು ಪದ ಕಟ್ಟಿದ್ದಳು. ಮೈಕಿನ ಮುಂದೆ ಹಾಡುವುದು ಅವಳಿಗೆ ಹುಟ್ಟಿದ ಮೇಲೆ ಇದೇ ಮೊದಲು. ನಾನು ಅಂಗಡಿಗೆ ಹೋದ ಮೇಲೆ, ಮಳೆಗಾಲವಿಡೀ ನಮ್ಮ ಜಗಲಿಯಲ್ಲಿ ಅಭ್ಯಾಸ ನಡೆದಿತ್ತು.

"ಹ್ವಾಯ್, ಎರಡೇ ಮಾತ್ ಹೇಳಿ ಕೆಳ್ಗೆ ಇಳೀಕ್. ಆಟದ ಚೆಂಡೆ ಬಿದ್ರೆ ನಮ್ ಪದದ ಕತೆ ಮುಗೀತ್!" ರಂಗಸ್ಥಳ ಹತ್ತುವ ಮುಂಚೆ ಸುಮತಿ ಎಚ್ಚರಿಸಿದಳು.

"ನಂಗ್ ಗೊತ್ತಿಲ್ಯಾ ಮಾರಾಯ್ತಿ!"

ಸಭೆಗೆ ವಂದಿಸಿದೆ. ಹಿಂದೆ ನಾಯಕಿ ಕಿಟಕಿ ಹಿಡಿದು ಗಂಡನಿಗಾಗಿ ಕಾಯುತ್ತ ಹಾಡುತ್ತಿದ್ದಳು ಎಂದೆ. ಆಮೇಲೆ ಸೈಕಲ್ ಹತ್ತಿ ಕಾಲೇಜಿಗೆ ಹೋಗುತ್ತ ಹಾಡಿದಳು. ಈಗಿನವಳು ತನ್ನ ಪದ ತಾನೇ ಬರೆದು ರ‍್ಯಾಪ್ ಮಾಡುತ್ತಾಳೆ, ಕಿಟಕಿ ಹಿಡಿದು ಕಾಯುವ ಕೆಲಸ ಗಂಡಸಿನದು! ಜೋರು ಚಪ್ಪಾಳೆ ಬಿತ್ತು. ಅಲ್ಲಿಗೆ ಇಳಿದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಚಪ್ಪಾಳೆ ಕೇಳಿದ ಮೇಲೂ ಮೈಕ್ ಬಿಡುವ ಗಂಡಸು ನಮ್ಮ ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಕಿಟಕಿಯಿಂದ ಸೈಕಲ್ಲಿನವರೆಗಿನ ದಾರಿಯನ್ನು ಸವಿಸ್ತಾರವಾಗಿ ವಿವರಿಸತೊಡಗಿದೆ.

ಸುಮತಿ ನೀರಿನ ಲೋಟ ಕಳಿಸಿದಳು. ಗಂಟಲು ಒಣಗಿದ್ದು ಅವಳಿಗಾದರೂ ತಿಳಿಯಿತಲ್ಲ ಎಂದು ಕುಡಿದು ಮುಂದುವರಿಸಿದೆ. ಜಲಜಕ್ಕ ಬಂದು ಮಾತಿನ ನಡುವೆಯೇ ಶಾಲು ಹೊದಿಸಿದರು. ಭಾಷಣದ ನಡುವೆ ಶಾಲು ಬಂದರೆ 'ಇನ್ನು ಸಾಕು' ಎಂದರ್ಥ, ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ನನಗೋ ಹುರುಪು ಬಂತು! "ಹೆಣ್ಣಿಗೆ ಅವಕಾಶ ಕೊಡಬೇಕು, ಈಗಲೇ ಕೊಡಬೇಕು!" ಎಂದು ಮೇಜು ಗುದ್ದಿದೆ.

ಢಂ! ಸದ್ದು ಮೇಜಿನದಲ್ಲ, ಚೆಂಡೆಯದು.

ಪದ ಹಾಡಲು ಒಂದೇ ಬಣ್ಣದ ಸೀರೆ ಉಟ್ಟ ಆರು ಹೆಂಗಸರು, ಸುಮತಿಯೂ ಸೇರಿ, ಬದಿಯಲ್ಲಿ ನಿಂತೇ ಇದ್ದರು. ಭಾಗವತರು ಬಂದು ಕೂತರು. ಸ್ವಲ್ಪ ಹೊತ್ತಿಗೆ ಸ್ತ್ರೀವೇಷವೊಂದು ಜಡೆ ಬೀಸುತ್ತ ರಂಗಕ್ಕೆ ಬಂತು. ಆ ಸಂಜೆ ಅಲ್ಲಿ ಅವಕಾಶ ಪಡೆದ ಮೊದಲ ಹೆಣ್ಣು ಒಬ್ಬ ಗಂಡಸು!

"ಶಾಲ್ ಹೊದ್ಸಿರೂ ನಿಲ್ಸುದಿಲ್ಲ ಅಂದ್ರೆ ಎಂತ ಮಾರ್ರೆ!" ಜಲಜಕ್ಕ ಹಲ್ಲು ಕಡಿದರು.

ಸುಮತಿಯ ಕಣ್ಣು ತುಂಬಿತ್ತು. "ಹೆಂಗ್ಸ್ರ್ ದನಿ ಬಗ್ಗೆ ಇಷ್ಟೊತ್ ಮಾತಾಡಿ, ನಮ್ ದನಿ ಕೇಂಬುಕೆ ಬಿಟ್ರ್ಯಾ ನೀವ್?"

ಭೂಮಿ ಬಿರಿದರೆ ಒಳಗೆ ಹೋಗೋಣ ಎನಿಸಿತು.

ವಾಪಸು ಬರುವಾಗ ಟೆಂಪೋದಲ್ಲಿ ಡ್ರೈವರ್ ಪಕ್ಕ ನನ್ನನ್ನು ಕೂರಿಸಿದರು. ಅರ್ಧ ದಾರಿಯಲ್ಲಿ ಹಿಂದಿನಿಂದ ಜಲಜಕ್ಕ, "ಸುಮತಿ, ಆ ಪದ ಇಲ್ಲೇ ಹೇಳ್ ಕಾಂಬ," ಎಂದರು. ಮೊದಲು ಅವಳ ದನಿ ನಡುಗಿತು. ಬಸ್ಸು ಕಾಡಿನ ದಾರಿ ಹಿಡಿಯುವ ಸಾಲಿಗೆ ಬಂದಾಗ ಎಂಥಾ ಕಂಠ ಅಂತೀರಿ! ಡ್ರೈವರ್ ತಾನು ಹಾಕಿದ್ದ ಹಾಡು ನಿಲ್ಲಿಸಿ ಟೆಂಪೋ ನಿಧಾನ ಮಾಡಿದ. ಇಷ್ಟು ವರ್ಷ ಹಾಡು ಮಾರಿದವನಿಗೆ ಮನೆಯೊಳಗಿನ ಗಾಯಕಿ ಗೊತ್ತೇ ಇರಲಿಲ್ಲ. ನಿಜಕ್ಕೂ ಹೆಮ್ಮೆಯಾಯಿತು, ಅಳುವೂ ಬಂತು. ಪದ ಮುಗಿದದ್ದೇ ತಡ, ಹಿಂದೆ ತಿರುಗಿದೆ.

"ಈ ಪದದ ವಿಶೇಷ ಎಂತ ಅಂದ್ರೆ..."

"ಬಾಯ್ ಮುಚ್ಕಣಿ!" ಆರೂ ಕಂಠ, ಒಂದೇ ಶ್ರುತಿ.

ಮುಚ್ಚಿಕೊಂಡೆ. ಅವರು ಮತ್ತೆ ಮತ್ತೆ ಅದೇ ಪದ ಹಾಡಿದರು. ಮಹಿಳಾ ಸಬಲೀಕರಣಕ್ಕೆ ಈ ವಿದ್ವಾಂಸನ ಕೊಡುಗೆ ಏನೆಂದು ನಾಳೆ ಯಾರಾದರೂ ಕೇಳಿದರೆ ಧೈರ್ಯವಾಗಿ ಹೇಳಬಹುದು: ಸಾಸ್ತಾನ ಬರುವವರೆಗೂ ಬಾಯಿ ಬಿಡದೆ ಕೂತದ್ದು!